ವಾಲಿ ಕೇಳಿದ್ದು, ಯೋಬ ಕೇಳಿದ್ದು, ರಾಯ್ ಬ್ಯಾಟಿ ಕೇಳಿದ್ದು

ನಮಸ್ಕಾರ. ಇವತ್ತು ಸೈನ್ಸ್ ಫಿಕ್ಷನ್ ಸಿನಿಮಾಗಳಲ್ಲಿ ಬರುವ ಬೈಬಲ್ ಕಥೆಗಳ ಬಗ್ಗೆ ಮಾತಾಡುತ್ತೇನೆ. ನಾಯಕ ಕೈ ಚಾಚಿ ನಿಂತರೆ ಶಿಲುಬೆ, ಸತ್ತು ಎದ್ದರೆ ಯೇಸು. ಹೀಗೆ ಗುರುತು ಹಚ್ಚುವುದರಲ್ಲೇ ನಾವು ಜಾಸ್ತಿ ಹೊತ್ತು ಕಳೆಯುತ್ತೇವೆ. ಗುರುತು ಸಿಕ್ಕಿತು, ಸರಿ. ಆ ಕಥೆ ಎತ್ತಿದ ಪ್ರಶ್ನೆಯೂ ಸಿನಿಮಾದೊಳಗೆ ಬಂದಿದೆಯಾ? ನನಗೆ ಬೇಕಾದದ್ದು ಅದು.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ತಾಳಮದ್ದಳೆಗೆ, ಅಂದರೆ ವೇಷ ಕುಣಿತ ಇಲ್ಲದ ಮಾತಿನ ಯಕ್ಷಗಾನಕ್ಕೆ, ಬಂದು ಕೂತವರಿಗೆಲ್ಲ ವಾಲಿ ಸಾಯುತ್ತಾನೆ ಅಂತ ಮೊದಲೇ ಗೊತ್ತು. ಆದರೂ ಏಳುವುದಿಲ್ಲ. ಬಾಣ ತಿಂದು ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಅಂತ ರಾಮನನ್ನೇ ಕೇಳುತ್ತಾನಲ್ಲ, ಆ ಮಾತಿಗೆ ಕಾಯುತ್ತಾರೆ. ರಾಮನಾಗಿ ಮಾತಾಡುವ ಅರ್ಥಧಾರಿ ಏನು ಉತ್ತರ ಕೊಡುತ್ತಾರೆ ಅಂತ ಕಾಯುತ್ತಾರೆ.

ಬೈಬಲಿನಲ್ಲೂ ಹೀಗೆ ಕೇಳಿದವನೊಬ್ಬ ಇದ್ದಾನೆ, ಯೋಬ. ಒಳ್ಳೆಯವನು. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ನೀನೇ ಏನೋ ಪಾಪ ಮಾಡಿರಬೇಕು ಅಂತ ಗೆಳೆಯರು ಬಂದು ಬುದ್ಧಿ ಹೇಳುತ್ತಾರೆ. ಅವನು ಒಪ್ಪುವುದಿಲ್ಲ. ದೇವರೇ ಉತ್ತರ ಕೊಡಲಿ ಅಂತ ಪಟ್ಟು ಹಿಡಿಯುತ್ತಾನೆ. ಕೊನೆಗೆ ದೇವರು ಬಿರುಗಾಳಿಯೊಳಗಿಂದ ಮಾತಾಡುತ್ತಾನೆ.

ಈಗ 1982ರ 'ಬ್ಲೇಡ್ ರನ್ನರ್' ನೋಡಿ, ರಿಡ್ಲಿ ಸ್ಕಾಟ್ ಅವರದ್ದು. ರಾಯ್ ಬ್ಯಾಟಿ ಒಬ್ಬ ರೆಪ್ಲಿಕಂಟ್. ಬೇರೆ ಗ್ರಹಗಳಲ್ಲಿ ಗುಲಾಮರಂತೆ ದುಡಿಸಲು ಮನುಷ್ಯರು ತಯಾರಿಸಿದ ಜೀವ. ಆಯುಸ್ಸು ನಾಲ್ಕೇ ವರ್ಷ. ಅವನು ತನ್ನನ್ನು ಸೃಷ್ಟಿಸಿದ ಟೈರೆಲ್‌ನ ಮಲಗುವ ಕೋಣೆಗೇ ಹೋಗಿ ಇನ್ನಷ್ಟು ಆಯುಸ್ಸು ಕೇಳುತ್ತಾನೆ. ಟೈರೆಲ್ ಅದು ಆಗದ ಕೆಲಸ ಅಂತ ಲೆಕ್ಕ ಒಪ್ಪಿಸಿ, ಅವನನ್ನು ದುಂದುಗಾರ ಮಗ ಅಂತ ಕರೆಯುತ್ತಾನೆ. ಬೈಬಲಿನ ಲೂಕನ ಸುವಾರ್ತೆಯಲ್ಲಿ ಆಸ್ತಿ ಹಾಳುಮಾಡಿ ಮನೆಗೆ ಮರಳಿದ ಅಂಥ ಮಗನ ಕಡೆ ತಂದೆ ಓಡಿ ಬಂದು ಮುತ್ತಿಡುತ್ತಾನೆ. ಇಲ್ಲಿ ಮಗನೇ ತಂದೆಗೆ ಮುತ್ತಿಟ್ಟು, ಅವನನ್ನು ಕೊಲ್ಲುತ್ತಾನೆ. ಕೊಡಲು ಏನೂ ಇಲ್ಲದ ತಂದೆಯ ಮನೆಗೆ ಮಗ ಮರಳಿದರೆ ಆಗುವುದು ಇದು.

ಆಮೇಲೆ ರಾಯ್ ಮರಗಟ್ಟುತ್ತಿರುವ ಅಂಗೈಗೆ ತಾನೇ ಮೊಳೆ ಚುಚ್ಚಿಕೊಳ್ಳುತ್ತಾನೆ. ಸಾಯುವಾಗ ಕೈಯಿಂದ ಪಾರಿವಾಳ ಹಾರುತ್ತದೆ. ಶಿಲುಬೆಯ ಮೊಳೆ, ಪವಿತ್ರಾತ್ಮದ ಪಾರಿವಾಳ ಅಂತ ಇವೆರಡನ್ನೂ ಎಲ್ಲರೂ ಹೇಳುತ್ತಾರೆ. ನನ್ನನ್ನು ಕಾಡುವುದು ಇವೆರಡರ ನಡುವೆ ನಡೆಯುವ ಸಂಗತಿ. ತನ್ನನ್ನು ಕೊಲ್ಲಲು ಬಂದ ಡೆಕಾರ್ಡ್ ಕಟ್ಟಡದಿಂದ ಜಾರುವಾಗ ರಾಯ್ ಅವನ ಕೈ ಹಿಡಿದು ಮೇಲಕ್ಕೆ ಎಳೆಯುತ್ತಾನೆ. ಸೃಷ್ಟಿಸಿದವನಲ್ಲಿ ಇಲ್ಲದ ಕರುಣೆ ಇವನಿಗೆ ಎಲ್ಲಿಂದ ಬಂತು? ಸಿನಿಮಾ ಉತ್ತರ ಹೇಳುವುದಿಲ್ಲ. ಹೇಳದೇ ಇದ್ದದ್ದೇ ಒಳ್ಳೆಯದಾಯಿತು.

'ಮ್ಯಾಟ್ರಿಕ್ಸ್' ಬಗ್ಗೆ ನನಗೆ ತಕರಾರಿದೆ. 1999ರ ಈ ಸಿನಿಮಾದಲ್ಲಿ ಯಂತ್ರಗಳು ಮನುಷ್ಯರನ್ನು ಒಂದು ಭ್ರಮೆಯ ಲೋಕದಲ್ಲಿ ಕೂಡಿಹಾಕಿವೆ, ಅವರನ್ನು ಬಿಡಿಸಲು ಬರುವವನು ನಾಯಕ ನಿಯೋ. ಬೈಬಲ್ ಹೆಸರುಗಳಿಗೆ ಇಲ್ಲಿ ಬರವಿಲ್ಲ. ಬಿಡಿಸಿಕೊಂಡವರ ನಗರದ ಹೆಸರು ಜಿಯಾನ್, ಅಂದರೆ ಜೆರುಸಲೇಮ್. ಹಡಗಿಗೆ ಬಾಬಿಲೋನಿನ ರಾಜ ನೆಬೂಕದ್ನೆಚ್ಚರನ ಹೆಸರು. ಹಡಗಿನ ಫಲಕದಲ್ಲಿ 'ಮಾರ್ಕ್ 3, ನಂಬರ್ 11' ಅಂತ ಇದೆ. ಮಾರ್ಕನ ಸುವಾರ್ತೆಯಲ್ಲಿ ಅದು 'ನೀನು ದೇವರ ಮಗ' ಅನ್ನುವ ಮಾತು ಬರುವ ಜಾಗ. ಎಲ್ಲ ಚೆನ್ನಾಗಿದೆ. ಆದರೆ ಆ ಲಾಬಿಯ ಗುಂಡಿನ ಕಾಳಗ ನೆನಪಿದೆಯಲ್ವಾ? ಅಲ್ಲಿ ಸಾಯುವ ಕಾವಲುಗಾರರೂ ಭ್ರಮೆಯಲ್ಲಿ ಸಿಕ್ಕಿಕೊಂಡ ಮನುಷ್ಯರೇ. ಬಿಡಿಸಲು ಬಂದ ರಕ್ಷಕ ಅವರನ್ನೇ ಹೊಡೆದು ಉರುಳಿಸುತ್ತಾನೆ, ಸಿನಿಮಾ ಅದನ್ನು ಸಂಭ್ರಮದಿಂದ ತೋರಿಸುತ್ತದೆ. ಯೇಸುವಿನ ಕಥೆಯನ್ನು ಇಷ್ಟು ಎದ್ದು ಕಾಣುವಂತೆ ಹೊತ್ತುಕೊಂಡ ಮೇಲೆ ಈ ಸಾವುಗಳಿಗೆ ಒಂದು ಕ್ಷಣವಾದರೂ ನಿಲ್ಲಬೇಕಿತ್ತು.

'ಟರ್ಮಿನೇಟರ್' ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹುಟ್ಟಲಿರುವ ಮಗುವಿಗೆ ಹೆದರಿ ಅದರ ತಾಯಿಯನ್ನೇ ಕೊಲ್ಲಲು ಹೊರಟ ಯಂತ್ರಗಳ ಕಥೆ ಅದು. ಬೈಬಲಿನಲ್ಲಿ ಹುಟ್ಟಿದ ಯೇಸುವಿಗೆ ಹೆದರಿದ ರಾಜ ಹೆರೋದನದ್ದು, ನಮ್ಮಲ್ಲಿ ಕಂಸನದ್ದು ಇದೇ ಕಥೆ.

ಅಲ್ಫಾನ್ಸೋ ಕ್ವಾರೋನ್ ಅವರ 'ಚಿಲ್ಡ್ರನ್ ಆಫ್ ಮೆನ್' ಬೇರೆಯೇ ತೂಕದ್ದು. 2006ರ ಸಿನಿಮಾ, ಕಥೆ ನಡೆಯುವುದು 2027ರಲ್ಲಿ. ಹದಿನೆಂಟು ವರ್ಷಗಳಿಂದ ಭೂಮಿಯ ಮೇಲೆ ಮಗುವೇ ಹುಟ್ಟಿಲ್ಲ. ಕೀ ಅನ್ನುವ ನಿರಾಶ್ರಿತ ಹುಡುಗಿ ತಾನು ಬಸುರಿ ಅಂತ ತೋರಿಸುವುದು ದನದ ಕೊಟ್ಟಿಗೆಯಲ್ಲಿ. ಕ್ರಿಸ್‌ಮಸ್‌ಗೆ ಶಿವಮೊಗ್ಗದ ಚರ್ಚಿನಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆಗಳನ್ನು, ನೋಡಿದವರಿಗೆ ಇದು ಏನು ಅಂತ ತಟ್ಟನೆ ಹೊಳೆಯುತ್ತದೆ. ಗೋದಲಿಯ ಚಂದದ ಬೊಂಬೆಗಳ ಹಿಂದೆ ಜಾಗ ಸಿಗದೆ ಅಲೆದ ಬಡ ಗಂಡ ಹೆಂಡತಿ ಇದ್ದಾರೆ. ಅದನ್ನು ಈ ಸಿನಿಮಾ ಮರೆಯುವುದಿಲ್ಲ. ಮಗುವಿನ ಅಳು ಕೇಳಿ ಸೈನಿಕರು ಗುಂಡು ನಿಲ್ಲಿಸುತ್ತಾರೆ. ಮಗು ದಾಟಿದ ಸ್ವಲ್ಪ ಹೊತ್ತಿಗೇ ಮತ್ತೆ ಶುರು. ಪವಾಡ ಕಣ್ಣೆದುರೇ ಆದರೂ ಮನುಷ್ಯರು ಬದಲಾಗಲಿಲ್ಲವಲ್ಲ ಅಂತ ಹೊಟ್ಟೆ ಉರಿಯುತ್ತದೆ.

2017ರ 'ಬ್ಲೇಡ್ ರನ್ನರ್ 2049' ಬಿಟ್ಟರೆ ಮಾತು ಪೂರ್ತಿಯಾಗುವುದಿಲ್ಲ. ಅಲ್ಲಿ ರೇಚೆಲ್ ಅನ್ನುವ ರೆಪ್ಲಿಕಂಟ್ ಹೆತ್ತು ಸತ್ತಿದ್ದಾಳೆ. ಆದಿಕಾಂಡದ ರಾಹೇಲಳೂ ಹೆರಿಗೆಯಲ್ಲೇ ಸತ್ತವಳು. ಆ ಪವಾಡದ ಮಗು ನಾನೇ ಅಂತ ನಾಯಕ ಕೆ ನಂಬಿಬಿಡುತ್ತಾನೆ, ನಾವೂ ನಂಬುತ್ತೇವೆ. ಆಮೇಲೆ ಗೊತ್ತಾಗುತ್ತದೆ, ಅವನಲ್ಲ. ಆದರೂ ಅವನು ಗಾಯಗೊಂಡ ಮೈಯಲ್ಲೇ, ಆ ಮಗುವಿನ ತಂದೆಯಾದ ಡೆಕಾರ್ಡ್‌ನನ್ನು ಮಗಳ ಮನೆ ಬಾಗಿಲಿಗೆ ಮುಟ್ಟಿಸುತ್ತಾನೆ. ಮ್ಯಾಟ್ರಿಕ್ಸ್‌ನ ನಿಯೋಗೆ 'ಆಯ್ಕೆಯಾದವನು ನೀನೇ' ಅಂತ ನಂಬಿಸಲು ಎಲ್ಲರೂ ಇದ್ದರು. ಕೆಗೆ ಹಾಗೆ ಹೇಳುವವರು ಕೊನೆಗೆ ಒಬ್ಬರೂ ಉಳಿದಿರಲಿಲ್ಲ. ಅದಕ್ಕೇ ನನ್ನ ಓಟು ಕೆಗೆ.