ಎರಡನೇ ನಾಯಿ ಬೇಕಾ? ಮೊದಲು ಆಟೋ ಲೆಕ್ಕ ಹಾಕಿ

ಬೆಳಿಗ್ಗೆ ಆರೂ ಕಾಲು, ಬೆಂಗಳೂರಿನ ವಿಜಯನಗರ. ನಿಮಗೆ ಬರೀ ಬಾಲ ಕಾಣ್ತಿದೆ ಅಂತ ಗೊತ್ತು. ಅದು ನಮ್ಮ ನಾಯಿ ಕರಿಯ. ಕ್ಯಾಮೆರಾ ಕಂಡ್ರೆ ಬೆನ್ನು ತಿರುಗಿಸ್ತಾನೆ. ಇರ್ಲಿ, ನಡೀತಾ ಮಾತಾಡೋಣ. ಇವತ್ತಿನದು ಎಸ್ಸೆಸ್ಸೆಲ್ಸಿ, ಪಿಯುಸಿ ಓದ್ತಿರೋರಿಗೆ. ಮನೇಲಿ ಒಂದು ನಾಯಿ ಇದೆ, ಇನ್ನೊಂದು ಬೇಕು, ಅಮ್ಮ "ಇರೋದನ್ನ ಮೊದ್ಲು ನೆಟ್ಟಗೆ ನೋಡ್ಕೋ" ಅಂದ್ಬಿಟ್ಟಿದ್ದಾರೆ.

ಮರಿ ಫೋಟೋ ತೋರಿಸೋದು ಬಿಟ್ಬಿಡಿ. ಫ್ಯಾಮಿಲಿ ಗ್ರೂಪಿಗೆ ಹಾಕಿದ್ರೆ ಚಿಕ್ಕಮ್ಮ ಹತ್ತು ಹಾರ್ಟ್ ಒತ್ತುತ್ತಾರೆ, ಕಕ್ಕ ಬಾಚೋದು ಚಿಕ್ಕಮ್ಮ ಅಲ್ವಲ್ಲ. ಅಮ್ಮನಿಗೆ ನಾಯಿ ಮೇಲೆ ಸಿಟ್ಟಿಲ್ಲ. ನೀವು ಟ್ಯೂಷನ್ ಅಂತ ಓಡಿದ್ಮೇಲೆ ಬಟ್ಟಲು ತೊಳೆಯೋರು ಯಾರು ಅನ್ನೋದೇ ಅವರ ತಕರಾರು. ಅದಕ್ಕೆ, ಕೇಳೋಕೆ ಮುಂಚೆ ಮೂವತ್ತು ದಿನ ಬಾಯಿ ಬಿಡದೆ ಎಲ್ಲಾ ಕೆಲಸ ನೀವೇ ಮಾಡಿ. ಅಡುಗೆಮನೆ ಕ್ಯಾಲೆಂಡರಲ್ಲಿ ಹಾಲಿನ ಲೆಕ್ಕ ಬರೀತಾರಲ್ಲ, ಅದರ ಪಕ್ಕದಲ್ಲೇ ದಿನಕ್ಕೊಂದು ಗೀಟು ಹಾಕಿ. ಟೆಸ್ಟ್ ಇರೋ ವಾರ ಗೀಟು ತಪ್ಪಿದ್ರೆ ಮತ್ತೆ ಒಂದರಿಂದ ಶುರು. ಯಾಕಂದ್ರೆ ಅಪ್ಪ ಮೊದ್ಲು ಕೇಳೋದೇ "ಮಾರ್ಚಲ್ಲಿ ಪರೀಕ್ಷೆ ಬಂದಾಗ ಏನ್ ಮಾಡ್ತೀಯ?" ಅಂತ.

ಈ ಹೋಟೆಲ್ ಮುಂದೆ ಬಂದ್ರೆ ಕರಿಯ ಮುಂದಕ್ಕೇ ಹೋಗಲ್ಲ. ನೋಡಿ, ಕೂತೇಬಿಟ್ಟ. ಚೌಚೌ ಬಾತ್ ತಟ್ಟೆ ಹಿಡಿದೋರು ಪಾಪ ಅಂತ ಒಂದು ತುತ್ತು ಹಾಕೋಕೆ ಬರ್ತಾರೆ. ಬೇಡ. ಕೇಸರಿಬಾತಲ್ಲಿರೋ ಒಣದ್ರಾಕ್ಷಿ ನಾಯಿ ಕಿಡ್ನಿಗೆ ವಿಷ, ಖಾರಾಬಾತಲ್ಲಿರೋ ಈರುಳ್ಳಿ ಅದರ ರಕ್ತಕ್ಕೆ ಕೆಟ್ಟದ್ದು. ಇದನ್ನೂ ಅಮ್ಮನ ಮುಂದೆ ಹೇಳಿ, ಇವನಿಗೆ ಒಂದಿಷ್ಟು ಗೊತ್ತು ಅನ್ನೋದಾದ್ರೂ ಮೂಡುತ್ತೆ. ಏಳೋ ಕರಿಯ, ನಡಿ.

ಹಾಂ, ಮನೆ. ತಕ್ಕಡಿ ಮೇಲಿರೋದು 250 ಗ್ರಾಂ ಒಣ ಫುಡ್ಡು. ಇವನ ಥರ 15 ಕೆಜಿ ತೂಗೋ, ಬೆಳೆದ ನಾಯಿಗೆ ಒಂದು ದಿನಕ್ಕೆ ಹೆಚ್ಚು ಕಮ್ಮಿ ಇಷ್ಟು, ಎರಡು ಹೊತ್ತಿಗೆ ಹಂಚಿ. ತಿಂಗಳಿಗೆ ಏಳೂವರೆ ಕೆಜಿ. ಕೆಜಿಗೆ ₹300 ಅಂತ ಹಿಡಿದ್ರೆ ₹2,250. ನಿಮ್ಮ ಬ್ರ್ಯಾಂಡಿನ ರೇಟು ಹಾಕ್ಕೊಂಡು ಲೆಕ್ಕ ಮಾಡಿ. ಬರೀ ರಾಗಿ ಮುದ್ದೆ, ಮೊಸರನ್ನದಲ್ಲಿ ಸಾಕ್ತೀನಿ ಅಂತ ಲೆಕ್ಕ ಇಳಿಸ್ಬೇಡಿ, ಪ್ರೋಟೀನ್ ಸಾಲಲ್ಲ.

ಸುಮಾರು ಜನ ಮಕ್ಕಳು ಇಲ್ಲಿಗೇ ಪುಸ್ತಕ ಮುಚ್ಚಿಬಿಡ್ತಾರೆ. ಅಪ್ಪ ಬಿಡಲ್ಲ. "ಡಾಕ್ಟರ್ ಹತ್ರ ಯಾರು ಕರ್ಕೊಂಡು ಹೋಗ್ತಾರೆ?" ಅಂತಾರೆ. ಅಲ್ಲಿ ಬರುತ್ತೆ ನೋಡಿ ಆಟೋ.

ಸ್ಕೂಟರ್ ಮುಂದೆ ಒಂದು ನಾಯಿ ನಿಲ್ಲಿಸ್ಕೊಂಡು ಹೋಗೋದೇ ತಪ್ಪು, ಎರಡಂತೂ ಆಗೋ ಮಾತಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜ್ ಆಸ್ಪತ್ರೆಗೆ ಹೋಗ್ಬೇಕು, 13 ಕಿಲೋಮೀಟರ್ ಅಂತ ಇಟ್ಕೊಳ್ಳಿ. 2025ರ ಆಗಸ್ಟ್ 1ರಿಂದ ಮೀಟರ್ ಮೊದಲ 2 ಕಿಲೋಮೀಟರಿಗೆ ₹36, ಆಮೇಲೆ ಕಿಲೋಮೀಟರಿಗೆ ₹18. ಅಂದ್ರೆ ₹234. ಈಗ ಪಕ್ಕದಲ್ಲಿ ನಾಯಿ ನಿಲ್ಲಿಸ್ಕೊಂಡು ಕೈ ತೋರಿಸಿ. ಅರ್ಧ ಜನ ನಿಧಾನ ಮಾಡಿ, ಕೆಳಗೆ ನೋಡಿ, ಗಾಡಿ ಎತ್ತುತ್ತಾರೆ. ನಿಲ್ಲಿಸಿದೋರು "ನಾನೂರು ಕೊಡಿ" ಅಂತಾರೆ. ಆ್ಯಪಲ್ಲಿ ಬುಕ್ ಮಾಡಿ ಫೋನಲ್ಲಿ "ನಾಯಿ ಇದೆ ಅಣ್ಣ" ಅಂದ್ರೆ ಕ್ಯಾನ್ಸಲ್. ಹೇಳದೇ ಬುಕ್ ಮಾಡಿದ್ರೆ ಗೇಟ್ ಮುಂದೆ ಜಗಳ. ಹೋಗೋಕೆ ನಾನೂರು, ಬರೋಕೆ ನಾನೂರು. ರೇಬಿಸ್ ಇಂಜೆಕ್ಷನ್ನಿಗಿಂತ ದಾರಿ ಖರ್ಚೇ ಜಾಸ್ತಿ! ಇದು ಹಗಲು ದರೋಡೆ.

ಪೂರ್ತಿ ಅವರದೇ ತಪ್ಪು ಅಂತಾನೂ ಹೇಳೋಕಾಗಲ್ಲ ಬಿಡಿ. ನಾಯಿ ಸೀಟಲ್ಲಿ ವಾಂತಿ ಮಾಡಿದ್ರೆ ಮುಂದಿನ ಸವಾರಿ ಹೋಯ್ತು. ಅದಕ್ಕೇ ಹೊರಡೋ ಮೂರು ನಾಲ್ಕು ಗಂಟೆ ಮುಂಚೆ ಊಟ ನಿಲ್ಲಿಸಿ, ನೀರು ಇರ್ಲಿ. ಹಳೇ ಬೆಡ್‌ಶೀಟು ಕಂಕುಳಲ್ಲಿ ಕಾಣೋ ಹಾಗೆ ಹಿಡ್ಕೊಳ್ಳಿ, "ಸೀಟಿಗೆ ಇದನ್ನ ಹಾಸ್ತೀನಿ, ನಾಯಿ ಕೆಳಗೇ ಕೂರುತ್ತೆ" ಅಂತ ಮೊದಲ ವಾಕ್ಯದಲ್ಲೇ ಹೇಳಿ. ಒಬ್ಬರು ಒಪ್ಪಿದ್ರೆ ನಂಬರ್ ಇಸ್ಕೊಂಡು ಅವರನ್ನೇ ಕರೀರಿ. ಮುಖ್ಯವಾದ ಉಪಾಯ ಬೇರೆ ಇದೆ. ರೇಬಿಸ್ ಲಸಿಕೆ ವರ್ಷಕ್ಕೊಂದು ಸಲ ಅಲ್ವಾ, ಎರಡೂ ನಾಯಿ ಹೊಂದ್ಕೊಂಡ್ಮೇಲೆ ಡಾಕ್ಟರನ್ನ ಕೇಳಿ ಎರಡರದ್ದೂ ತಾರೀಕು ಒಂದೇ ದಿನಕ್ಕೆ ತನ್ನಿ. ಎರಡು ನಾಯಿ, ಒಂದು ಆಟೋ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ, ಆಗ ಸುಮಾರು ಕಡೆ ಉಚಿತವಾಗಿ ಹಾಕ್ತಾರೆ, ಮನೆ ಹತ್ರಾನೇ ಕೆಲಸ ಆದ್ರೂ ಆಯ್ತು. ಈ ಒಂದು ಸಾಲು ಅಪ್ಪನ ಮುಂದೆ ಓದಿ, ಕನ್ನಡಕ ತೆಗೆದು ನಿಮ್ಮ ಮುಖ ನೋಡ್ತಾರೆ.

ಮರಿನೋ ದೊಡ್ಡದೋ? ಮರಿನೇ ತಗೊಳ್ಳಿ, ಹಳೇ ನಾಯಿ ಮರೀನ ಬೇಗ ಒಪ್ಪುತ್ತೆ... ಇಲ್ಲ ಇಲ್ಲ, ತಡೀರಿ. ಆರೆಂಟು ವಾರಕ್ಕೆ ಲಸಿಕೆ ಶುರುವಾದ್ರೆ ಹದಿನಾರು ವಾರ ತುಂಬೋ ತನಕ ಮೂರು ನಾಲ್ಕು ವಾರಕ್ಕೊಂದು ಇಂಜೆಕ್ಷನ್. ಅಷ್ಟೂ ಸಲ ಆಟೋ. ಮೇಲೆ ಎರಡು ಗಂಟೆಗೊಮ್ಮೆ ಉಚ್ಚೆಗೆ ಹೊರಗೆ ಬಿಡ್ಬೇಕು, ನೀವು ಕಾಲೇಜಲ್ಲಿರ್ತೀರ. ಅಮ್ಮ ಹೇಳಿದ್ದೇ ನಿಜ ಆಗುತ್ತೆ. ಎರಡು ವರ್ಷದ, ಮರಿ ಆಗದ ಹಾಗೆ ಆಪರೇಷನ್ ಆಗಿರೋ ನಾಟಿ ನಾಯಿನೇ ಸರಿ. ಮನೇಲಿರೋದು ಗಂಡಾದ್ರೆ ಹೆಣ್ಣು ತನ್ನಿ, ಕಿತ್ತಾಟ ಕಮ್ಮಿ. ಕಿವಿ ತುದೀಲಿ ಕತ್ತರಿಸಿದ ಗುರುತಿದ್ರೆ ಆಪರೇಷನ್ ಆಗಿದೆ ಅಂತ.

ಈಗ ಕ್ಲೋಸಪ್ಪಲ್ಲಿ ಕಾಣ್ತಿರೋದು ಕರಿಯನ ಕಾಲ್ಬೆರಳ ಸಂದಿ. ಬೂದು ಬಣ್ಣದ ಅವರೆಕಾಳಿನ ಥರ ಕಂಡ್ರೆ ಅದು ಉಣ್ಣೆ, ನೀವೆಲ್ಲ ಟಿಕ್ ಅಂತೀರಲ್ಲ. ಹೊಸ ನಾಯಿ ಹೊಸಿಲು ದಾಟೋಕೆ ಮುಂಚೆ ಇಲ್ಲಿ, ಕಿವಿ ಒಳಗೆ, ಬೆಲ್ಟಿನ ಕೆಳಗೆ ನೋಡಿ. ಹೊಟ್ಟೆ ತುಂಬಿದ ಒಂದು ಹೆಣ್ಣು ಹುಳ ಗೋಡೆ ಬಿರುಕಲ್ಲಿ ಸಾವಿರಾರು ಮೊಟ್ಟೆ ಇಡುತ್ತೆ, ಇರೋ ನಾಯಿಗೂ ಜ್ವರ ಅಂಟುತ್ತೆ. ಚಿಮಟದಲ್ಲಿ ಚರ್ಮದ ಹತ್ರ ಹಿಡಿದು ನೇರ ಎಳೀರಿ, ಸ್ಪಿರಿಟ್ಟಿಗೆ ಹಾಕಿ. ಬೆರಳಲ್ಲಿ ಹಿಚುಕ್ಬೇಡಿ. ಸೀಮೆಎಣ್ಣೆ ಸುರಿಯೋ ಅಜ್ಜಿ ವೈದ್ಯ ಬೇಡವೇ ಬೇಡ. ಊಟ ಬಿಟ್ಟು, ಮೈ ಸುಟ್ಟು, ಮೂಗಲ್ಲಿ ರಕ್ತ ಕಂಡ್ರೆ ಅದೇ ದಿನ ಡಾಕ್ಟರ್, ಆಟೋ ಎಷ್ಟಾದ್ರೂ ಕೇಳ್ಲಿ.

ಎರಡು ವಾರ ಬೇರೆ ರೂಮು, ಬೇರೆ ಬಟ್ಟಲು. ಪಾರ್ವೊ ಅನ್ನೋ ಅಂಟು ವೈರಸ್ ಮೈಯಲ್ಲಿದ್ರೆ ಅಷ್ಟರೊಳಗೆ ತೋರುತ್ತೆ. ಮೊದಲ ಭೇಟಿ ಮನೇಲಿ ಮಾಡಿಸ್ಬೇಡಿ, ಕರಿಯನಿಗೆ ಇದು ಅವನ ಜಾಗ. ಇಬ್ಬರದ್ದೂ ಅಲ್ಲದ ಬೀದೀಲಿ, ಹದಿನೈದು ಅಡಿ ಅಂತರ ಬಿಟ್ಟು, ಒಂದೇ ದಿಕ್ಕಿಗೆ ನಡೆಸಿ. ಕೈಲಿರೋ ಹಗ್ಗ ಸಡಿಲ ಇರ್ಲಿ, ಬಿಗಿ ಹಿಡಿದ್ರೆ ನಾಯಿನೂ ಬಿಗಿಯುತ್ತೆ. ಇದಕ್ಕೆ ಇಬ್ಬರು ಬೇಕು. ಎರಡನೇ ಹಗ್ಗ ಅಪ್ಪನ ಕೈಗೆ ಕೊಡಿ, ಬೇಕಂತಲೇ.

ಬಾಡಿಗೆ ಮನೆ ಆದ್ರೆ ಹನ್ನೊಂದು ತಿಂಗಳ ಅಗ್ರಿಮೆಂಟ್ ತೆಗೆದು ನಾಯಿ ಬಗ್ಗೆ ಏನು ಬರೆದಿದೆ ಓದಿ, ಓನರ್ ಹತ್ರ ಅಪ್ಪನೇ ಮಾತಾಡ್ಲಿ. ದತ್ತು ಕೇಳೋಕೆ ಮುಂಚೆ ಫಾಸ್ಟರ್ ಕೇಳಿ, ಅಂದ್ರೆ ಕೆಲವು ವಾರ ಮನೇಲಿಟ್ಟು ನೋಡೋದು. "ಹೊಂದ್ಕೊಳ್ಳದಿದ್ರೆ ವಾಪಸ್" ಅನ್ನೋ ಮಾತು ಅಮ್ಮನಿಗೆ ಸಮಾಧಾನ. ಬೆಂಗಳೂರಲ್ಲಿ 1991ರಿಂದ ಇರೋ ಕ್ಯೂಪಾ ಥರದ ಪ್ರಾಣಿದಯಾ ಸಂಸ್ಥೆಗಳಲ್ಲಿ ವಿಚಾರಿಸಿ. ಹದಿನೆಂಟು ತುಂಬದೆ ನಿಮ್ಮ ಸಹಿ ನಡೆಯಲ್ಲ, ಅಪ್ಪ ಅಮ್ಮನ ಪೈಕಿ ಒಬ್ಬರು ಬರ್ಲೇಬೇಕು. ಹಾಗಾಗಿ ಕದ್ದು ತಂದು ಟೆರೇಸಲ್ಲಿ ಕಟ್ಟೋ ಪ್ಲಾನ್ ಇದ್ರೆ ಈಗ್ಲೇ ಕೈಬಿಡಿ.

ಹಾಲಿನವರು ಬಂದ್ರು, ಇನ್ನು ಇವನ ಬೊಗಳಾಟದಲ್ಲಿ ನನ್ನ ದನಿ ಕೇಳ್ಸಲ್ಲ. ಇವತ್ತಿನ ಗೀಟು ಹಾಕ್ಬೇಕು, ಪೆನ್ ಎಲ್ಲಿ...