ತವರದ ಊರಿನ ಕಡಲು

ಕೇಳುಗರಿಗೆಲ್ಲ ನಮಸ್ಕಾರ.

ನಾನು ಚಿಕ್ಕವಳಿದ್ದಾಗ ವಿರಾಜಪೇಟೆಯ ನಮ್ಮ ಮನೆಗೆ ಕಲಾಯಿಯವನು ಬರುತ್ತಿದ್ದ. ಅಂಗಳದಲ್ಲಿ ಗುಂಡಿ ತೋಡಿ, ತಿದಿ ಒತ್ತಿ, ಹಿತ್ತಾಳೆ ಪಾತ್ರೆ ಕಾಯಿಸುತ್ತಿದ್ದ. ನವಸಾಗರ ಎರಚಿದರೆ ಬಿಳಿ ಹೊಗೆ ಮೂಗಿಗೆ ಹೊಡೆಯುತ್ತಿತ್ತು. ಆಮೇಲೆ ತವರದ ಕಡ್ಡಿ ಮುಟ್ಟಿಸಿ ಹತ್ತಿಯಲ್ಲಿ ಒಂದು ಸುತ್ತು ಒರೆಸಿದರೆ ಒಳಗೆಲ್ಲ ಬೆಳ್ಳಿ ಹೊಳಪು. ಆ ತವರ ಎಲ್ಲಿಂದ ಬರುತ್ತದೆ ಅಂತ ಕೇಳಿದವಳೇ ಅಲ್ಲ.

ಹೋದ ಆಗಸ್ಟಿನಲ್ಲಿ ಮಗಳ ಜೊತೆ ಇಂಗ್ಲೆಂಡಿನ ಕಾರ್ನ್‌ವಾಲ್‌ಗೆ ಹೋಗಿದ್ದೆ. ಅಲ್ಲಿ ಸೇಂಟ್ ಆಗ್ನೆಸ್ ಅಂತ ಕಡಲ ಪಕ್ಕದ ಹಳ್ಳಿ. ಮೇಲೆ ನೋಡಿದರೆ ಬೀಚಿನ ಊರು, ನೆಲದೊಳಗೆ ತವರ, ತಾಮ್ರದ ಹಳೇ ಗಣಿಗಳು. ಇಳಿಜಾರಿನಲ್ಲಿ ಮೆಟ್ಟಿಲಿನ ಹಾಗೆ ಅಂಟಿಕೊಂಡ ಮನೆಗಳ ಸಾಲು ಒಂದಿದೆ, ಹೆಸರು ಸ್ಟಿಪ್ಪಿ ಸ್ಟ್ಯಾಪ್ಪಿ! ನನಗೆ ನಮ್ಮ ತೋಟದ ಕೆಲಸಗಾರರ ಲೈನ್ ಮನೆಗಳೇ ನೆನಪಾದವು. ಆದರೆ ಇವು ಹಡಗಿನ ಕ್ಯಾಪ್ಟನ್‌ಗಳ ಮನೆಗಳಂತೆ.

ಚಾಪೆಲ್ ಪೋರ್ತ್ ಬೀಚಿನಿಂದ ವೀಲ್ ಕೋಟ್ಸ್ ಗಣಿಗೆ ಕಾಲುದಾರಿ. ಎರಡೂ ಕಡೆ ನೇರಳೆ, ಹಳದಿ ಹೂವಿನ ಪೊದೆ. ಬಂಡೆಯಂಚಿನಲ್ಲಿ ಸೂರಿಲ್ಲದ ಕಲ್ಲಿನ ಕಟ್ಟಡ, ಒಂದು ಚಿಮಣಿ, ಕೆಳಗೆ ಕಡಲು. 1872ರಲ್ಲಿ ಕಟ್ಟಿದ ಈ ಮನೆಯಲ್ಲಿದ್ದ ಉಗಿಯಂತ್ರದ ಕೆಲಸ ಅದಿರು ಎತ್ತುವುದಲ್ಲ, ಗಣಿಯ ನೀರು ಎತ್ತುವುದು. ಒಸರುವ ನೀರಿನ ಕಾಟ ಕೊಡಗಿನವರಿಗೆ ಬಿಡಿಸಿ ಹೇಳಬೇಕಾ? ಅಷ್ಟೆಲ್ಲ ಪಾಡುಪಟ್ಟರೂ 1889ರಲ್ಲಿ ಗಣಿ ಮುಚ್ಚಿತು. ಮತ್ತೆ ತೆರೆದರೂ ಹೆಚ್ಚು ದಿನ ನಡೆಯಲಿಲ್ಲ.

ಇಳಿತದ ಹೊತ್ತಿನಲ್ಲಿ ಬೀಚಿನಿಂದಲೇ ಗಣಿಯ ಬುಡದ ಗುಹೆಗೆ ಹೋಗಬಹುದು. ಗೋಡೆ ತುಂಬಾ ಕೆಂಪು, ಹಸಿರು ಕಲೆ. ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತವಳಿಗೆ ಭರತ ಏರಿದ್ದೇ ತಿಳಿಯಲಿಲ್ಲ. "ಅಮ್ಮಾ, ಓಡು!" ಅಂದಳು ಮಗಳು. ಮೊಣಕಾಲುದ್ದ ನೀರಲ್ಲಿ ಬಂದೆವು, ಶೂ ಎರಡು ದಿನ ಒಣಗಲಿಲ್ಲ. ಹೋಗುವವರು ಭರತ ಇಳಿತದ ಹೊತ್ತು ಮೊದಲೇ ನೋಡಿಕೊಳ್ಳಿ. ಏರಿದಾಗ ಅಲ್ಲಿ ಮರಳೇ ಉಳಿಯುವುದಿಲ್ಲ.

ತವರದ ಕೆಲಸ ಕುಸಿದ ಮೇಲೆ ಅಲ್ಲಿನ ಗಣಿಗಾರರು ದೇಶ ದೇಶ ಅಲೆದರು. ಕೆಲವರು ನಮ್ಮ ಕೋಲಾರಕ್ಕೂ ಬಂದರು, ಜಾನ್ ಟೇಲರ್ ಕಂಪನಿಯ ಚಿನ್ನದ ಗಣಿಗೆ. ಕೆಜಿಎಫ್ ಕೂಡ 2001ರಲ್ಲಿ ಮುಚ್ಚಿತು. ಕಾರ್ನ್‌ವಾಲ್‌ನ ಪಾಳು ಗಣಿಗಳಿಗೆ 2006ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟ ಸಿಕ್ಕಿದೆ. ಕೋಲಾರದಲ್ಲಿ ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ದಿಬ್ಬಗಳ ಧೂಳು ಇನ್ನೂ ಹಾರುತ್ತಲೇ ಇದೆ.

ಊರಿಗೆ ಬಂದವಳೇ ಅಟ್ಟದಿಂದ ಅಜ್ಜಿಯ ಚರಿಗೆ ಇಳಿಸಿದೆ. ಕಲಾಯಿ ಪೂರ್ತಿ ಹೋಗಿದೆ. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಎರಡು ಸಲ ವಿಚಾರಿಸಿದೆ. ಹಾಕುವವರು ನಿಮ್ಮ ಕಡೆ ಯಾರಾದರೂ ಇದ್ದರೆ ಹೇಳಿ.