ಕಲ್ಲು ಇಳಿಯುವ ದಾರಿ

ಕೇಳುಗರೇ, ನಮಸ್ಕಾರ.

ಬೆಟ್ಟದ ನೆತ್ತಿಯಲ್ಲಿ ಒಂದು ಕಲ್ಲು ಕಳಚಿಕೊಂಡಿತು ಅಂದುಕೊಳ್ಳಿ. ಅದು ಎಲ್ಲಿಗೆ ಬಂದು ನಿಲ್ಲುತ್ತದೆ? ಕೆಳಗಿರುವ ನಾವು ತಲೆಯೆತ್ತಿ ನೋಡಿ, ಕಣ್ಣಲ್ಲೇ ನೇರವಾಗಿ ಒಂದು ಗೆರೆ ಎಳೆದುಬಿಡುತ್ತೇವೆ. ಗೆರೆಯಿಂದ ಇಷ್ಟು ಪಕ್ಕಕ್ಕಿದ್ದೇವಲ್ಲ, ಭಯವಿಲ್ಲ ಅಂತ ಸುಮ್ನೆ ಕೂರುತ್ತೇವೆ. ದಯವಿಟ್ಟು ಆ ಗೆರೆಯನ್ನು ನಂಬಬೇಡಿ. ಇವತ್ತು ನಾನು ಹೇಳಬೇಕಾದದ್ದು ಇದೇ.

ಕಲ್ಲು ಕಳಚುವುದಕ್ಕೆ ಕಾರಣ ಬೇಕಾದಷ್ಟಿವೆ. ಮಳೆ, ಭೂಕಂಪ, ಬಿರುಕಿಗೆ ನುಗ್ಗುವ ಬೇರು. ಚಳಿ ಸೀಮೆಗಳಲ್ಲಿ ಬಿರುಕಿನೊಳಗಿನ ನೀರು ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟುವಾಗ ಅದು ಶೇಕಡಾ 9ರಷ್ಟು ಹಿಗ್ಗಿ ಬಂಡೆಯನ್ನು ಸೀಳುತ್ತದೆ.

ಗೋಡೆಯಂಥ ಕಡಿದಾದ ಜಾಗದಲ್ಲಿ ಕಲ್ಲು ಗಾಳಿಯಲ್ಲೇ ಬೀಳುತ್ತದೆ. 45 ಮೀಟರ್ ಬೀಳಲು ಅದಕ್ಕೆ ಬೇಕಾಗುವುದು 3 ಸೆಕೆಂಡು. ಅಷ್ಟರಲ್ಲಿ ವೇಗ ಗಂಟೆಗೆ ನೂರು ಕಿಲೋಮೀಟರ್ ದಾಟಿರುತ್ತದೆ. ಇಳಿಜಾರು ಸ್ವಲ್ಪ ಕಡಿಮೆಯಾದರೆ ಪುಟಿಯುತ್ತಾ ಇಳಿಯುತ್ತದೆ. ಸುಮಾರು 45 ಡಿಗ್ರಿಗಿಂತ ಕೆಳಗೆ ಬಂದರೆ ಹೆಚ್ಚಾಗಿ ಉರುಳುತ್ತದೆ.

ನೆಲಕ್ಕೆ ಬಡಿದ ಕಲ್ಲು ಚೆಂಡಿನ ಹಾಗೆ ಮೇಲಕ್ಕೆ ಹಾರುತ್ತದೆ ಅನ್ನಿಸುತ್ತದೆ, ಅಲ್ವಾ? 1960ರ ದಶಕದ ಆರಂಭದಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಭೂವಿಜ್ಞಾನಿ ಆರ್ಥರ್ ರಿಚಿ ನೂರಾರು ಕಲ್ಲುಗಳನ್ನು ಉರುಳಿಸಿ, ಅವು ಇಳಿಯುವುದನ್ನು ಕ್ಯಾಮೆರಾದಲ್ಲಿ ಹಿಡಿದು ನೋಡಿದರು. ಎತ್ತರದಿಂದ ಬಿದ್ದ ಕಲ್ಲು ತುಂಬಾ ಮೇಲಕ್ಕೆ ಪುಟಿಯುವುದು ಅಪರೂಪ ಅಂತ ಗೊತ್ತಾಯಿತು. ಬಿದ್ದ ರಭಸದ ಒಂದು ಪಾಲು ಗಿರಗಿರನೆ ತಿರುಗುವುದಕ್ಕೆ ಹೋಗುತ್ತದೆ. ಈ ತಿರುಗಾಟವೇ ಅಪಾಯ. ರಸ್ತೆ ಪಕ್ಕದ ಚರಂಡಿಗೆ ಇಳಿದ ಕಲ್ಲು ಅಲ್ಲೇ ನಿಲ್ಲದೆ, ಗಾಲಿಯ ಹಾಗೆ ಆಚೆ ದಡ ಹತ್ತಿ ರಸ್ತೆಗೆ ಬಂದುಬಿಡಬಹುದು. ಹಾಗಾಗಿ ಬೆಟ್ಟದ ಎತ್ತರ, ಇಳಿಜಾರು ಎರಡನ್ನೂ ನೋಡಿ ಚರಂಡಿಯ ಅಗಲ ಮತ್ತು ಆಳವನ್ನು ಅವರು ಲೆಕ್ಕ ಹಾಕಿಕೊಟ್ಟರು.

ಬೆಟ್ಟದ ಬುಡದಲ್ಲಿ ಉದುರಿದ ಕಲ್ಲಿನ ರಾಶಿ ಇರುತ್ತದಲ್ಲ, ಅದನ್ನು ಒಮ್ಮೆ ಗಮನಿಸಿ. ಮೇಲ್ಭಾಗದಲ್ಲಿ ಸಣ್ಣ ಚೂರುಗಳು. ಕೆಳಗೆ ಹೋದಂತೆ ಗುಂಡುಗಳು ದೊಡ್ಡದಾಗುತ್ತಾ ಹೋಗುತ್ತವೆ. ಸಣ್ಣ ಕಲ್ಲು ಬೇರೆ ಕಲ್ಲುಗಳ ಸಂದಿಗೆ ಸಿಕ್ಕಿ ನಿಂತುಬಿಡುತ್ತದೆ. ದೊಡ್ಡ ಗುಂಡಿಗೆ ಆ ಸಂದಿಗಳು ಲೆಕ್ಕಕ್ಕೇ ಇಲ್ಲ, ಅವುಗಳ ಮೇಲೇ ಉರುಳಿಕೊಂಡು ಹೋಗುತ್ತದೆ. ಒಂದೊಂದು ಗುಂಡು ರಾಶಿಯನ್ನೂ ದಾಟಿ ಬಯಲಿನಲ್ಲಿ ಒಂಟಿಯಾಗಿ ಕೂತಿರುತ್ತದೆ. ನನ್ನನ್ನು ಕೇಳಿದರೆ, ಮೊದಲು ಹುಡುಕಬೇಕಾದದ್ದು ಆ ಒಂಟಿ ಕಲ್ಲನ್ನೇ. ಕಲ್ಲು ಎಲ್ಲಿಯವರೆಗೆ ಬರಬಲ್ಲದು ಅಂತ ಅದು ತೋರಿಸಿಕೊಡುತ್ತದೆ.

ದಾರಿ ತಪ್ಪಿಸುವುದರಲ್ಲಿ ಕಲ್ಲಿನ ಆಕಾರದ ಪಾಲೂ ಜಾಸ್ತಿ. ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಕಾಂಕ್ರೀಟ್ ಕಲ್ಲುಗಳ ಹೊಟ್ಟೆಯಲ್ಲಿ ಸೆನ್ಸರ್ ಇಟ್ಟು ಬೆಟ್ಟದಿಂದ ಉರುಳಿಸಿದರು. ಕೆಲವು ಕಲ್ಲುಗಳು ಎರಡೂವರೆ ಟನ್ನಿಗಿಂತ ಹೆಚ್ಚು ತೂಗುತ್ತಿದ್ದವು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ಎಲ್ಲ ಕಡೆ ಸಮನಾಗಿರುವ, ಘನಾಕೃತಿಯ ಕಲ್ಲುಗಳು ಹೆಚ್ಚುಕಡಿಮೆ ಕಡಿದಾದ ಇಳಿಜಾರನ್ನೇ ಹಿಡಿದು ಇಳಿದವು. ಗಾಲಿಯ ಆಕಾರದವು ಹಾಗಲ್ಲ. ಅಂಚಿನ ಮೇಲೆ ಎದ್ದು ನಿಂತು, ಬುಗುರಿಯ ಹಾಗೆ ಆಯ ತಪ್ಪದೆ ತಿರುಗುತ್ತಾ, ಪಕ್ಕಕ್ಕೆ ಎಳೆದುಕೊಂಡು ದೂರ ಹೋದವು. ಚಪ್ಪಟೆ ಕಲ್ಲು ಜಾರಿ ನಿಂತುಬಿಡುತ್ತದೆ ಅನ್ನುವ ನಮ್ಮ ಅಂದಾಜು ಎಷ್ಟು ಸುಳ್ಳು ನೋಡಿ!

ಮರಗಳು ಕಲ್ಲನ್ನು ತಡೆಯುತ್ತವೆ, ನಿಜ. ಒಂದೊಂದು ಮರಕ್ಕೆ ಬಡಿದಾಗಲೂ ಕಲ್ಲಿನ ರಭಸ ತಗ್ಗುತ್ತದೆ. ಆದರೆ ಬಡಿದ ಕಲ್ಲು ಅಲ್ಲಿಂದ ದಿಕ್ಕನ್ನೂ ಬದಲಿಸಬಹುದು.

ಹೊಸದಾಗಿ ಕಲ್ಲು ಇಳಿದ ಜಾಗದಲ್ಲಿ ಅದು ಬಂದ ದಾರಿಯನ್ನು ಓದಬಹುದು. ಹುಲ್ಲಿನಲ್ಲಿ ಒಂದು ತಗ್ಗು, ಮಣ್ಣು ಕೆಳಗಡೆಗೆ ಚೆಲ್ಲಿರುತ್ತದೆ. ಆಮೇಲೆ ಎಷ್ಟೋ ಮೀಟರ್ ದೂರ ಒಂದು ಹುಲ್ಲುಕಡ್ಡಿಯೂ ಮುರಿದಿಲ್ಲ. ಕಲ್ಲು ಅಷ್ಟು ದೂರ ಗಾಳಿಯಲ್ಲಿತ್ತು. ಮತ್ತೆ ಒಂದು ತಗ್ಗು. ಪಕ್ಕದ ಮರದಲ್ಲಿ, ಬೆಟ್ಟದ ಕಡೆಗಿರುವ ಮೈಯಲ್ಲಿ, ಆಳೆತ್ತರದಲ್ಲಿ ತೊಗಟೆ ಕಿತ್ತು ಬಿಳಿ ತಿರುಳು ಕಾಣುತ್ತದೆ. ಅಲ್ಲಿಂದ ತಗ್ಗುಗಳ ಸಾಲು ಓರೆಯಾಗಿ ತಿರುಗಿರುತ್ತದೆ. ಅದರ ಜೊತೆಗೇ ನಡೆದರೆ ಕೊನೆಗೆ ಕಲ್ಲು ಸಿಗುತ್ತದೆ. ಹಳೆಯ ಮೈಯಲ್ಲಿ ಪಾಚಿ, ಹೊಸದಾಗಿ ಒಡೆದ ಮೈ ಬೆಳ್ಳಗೆ, ಮೂಲೆಯಲ್ಲಿ ಆ ಮರದ ತೊಗಟೆಯ ಒಂದು ಎಳೆ ಇನ್ನೂ ಅಂಟಿಕೊಂಡಿರುತ್ತದೆ.